ಎಣಿಸಿ ತಿನ್ನುವ ಸಿಹಿ

ಸಕ್ಕರೆಯನ್ನು ಬಿಟ್ಟೆವು ಎಂದು ಹೇಳುವವರು ಈಚೆಗೆ ನಮ್ಮ ಊರುಗಳಲ್ಲಿ ಹೆಚ್ಚಾಗಿದ್ದಾರೆ. ಕಾಫಿಗೆ ಸಕ್ಕರೆ ಬೇಡ, ಪಾಯಸಕ್ಕೆ ಬೇಡ, ಮಕ್ಕಳ ಹಾಲಿಗೂ ಬೇಡ. ಒಳ್ಳೆಯದೇ. ಆದರೆ ಹಾಗೆ ಹೇಳಿದವರ ಮನೆಗೆ ಹೋಗಿ ಕುಳಿತರೆ ಐದು ನಿಮಿಷದಲ್ಲಿ ಒಂದು ತಟ್ಟೆ ತುಂಬ ಖರ್ಜೂರ ಮುಂದೆ ಬರುತ್ತದೆ. “ತೆಗೆದುಕೊಳ್ಳಿ, ಇದು ಸಕ್ಕರೆಯಲ್ಲ, ಹಣ್ಣು, ಎಷ್ಟು ತಿಂದರೂ ಏನೂ ಆಗುವುದಿಲ್ಲ” ಎಂಬ ಉಪಚಾರದ ಮಾತೂ ಜೊತೆಗೆ ಬರುತ್ತದೆ. ಆ ಮಾತಿನ ಮೊದಲ ಭಾಗ ಅರೆನಿಜ. ಎರಡನೆಯ ಭಾಗ ಪೂರಾ ತಪ್ಪು. ಅರೆನಿಜದಲ್ಲಿ ನಿಜವೆಷ್ಟು ಎಂಬುದನ್ನು ಬಿಡಿಸಿ ನೋಡುವುದು ಈ ಹೊತ್ತಿನ ನನ್ನ ಉದ್ದೇಶ. ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳುವವನು. ಆದಕಾರಣ ಮಾತಿನಿಂದಲೇ ಪ್ರಾರಂಭಿಸುತ್ತೇನೆ.

ಸಿಹಿಗೆ ನಮ್ಮಲ್ಲಿ ಹೆಸರುಗಳು ಹಲವು. ಹಳಗನ್ನಡದಲ್ಲಿ ‘ಇನಿ’ ಎಂದರೆ ಸಿಹಿ. ಇನಿದನಿ, ಇನಿಯ ಎಂಬ ಮಾತುಗಳಲ್ಲಿ ಅದು ಇಂದಿಗೂ ಉಳಿದಿದೆ. ‘ಮಧುರ’ ಎಂಬುದು ಮಧುವಿನಿಂದ, ಎಂದರೆ ಜೇನಿನಿಂದ ಬಂದದ್ದು. ‘ಸಕ್ಕರೆ’ಯಾದರೋ ಸಂಸ್ಕೃತದ ‘ಶರ್ಕರಾ’ ಶಬ್ದದ ತದ್ಭವ. ಶರ್ಕರಾ ಎಂದರೆ ಮೊದಲಿಗೆ ಹರಳು, ಮರಳಗಲ್ಲು. ಕಬ್ಬಿನ ರಸವನ್ನು ಕಾಯಿಸಿ ಹರಳುಗಟ್ಟಿಸುವುದನ್ನು ಕಲಿತಾಗ ಆ ಹರಳಿಗೂ ಅದೇ ಹೆಸರು ಸಂದಿತು. ಹಾಗೆ ನೋಡಿದರೆ ‘ಕಲ್ಲುಸಕ್ಕರೆ’ ಎನ್ನುವಾಗ ನಾವು ಕಲ್ಲನ್ನೇ ಎರಡು ಸಲ ಹೇಳುತ್ತಿದ್ದೇವೆ. ಇದನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವುಂಟು. ಸಕ್ಕರೆಯೆಂಬುದು ತನ್ನ ರಸವನ್ನೂ ನಾರನ್ನೂ ತೊರೆದು ಒಂಟಿಯಾಗಿ ಹೊರಬಂದ ಸಿಹಿ. ಖರ್ಜೂರದ ಸಿಹಿ ಹಾಗಲ್ಲ, ಅದು ಇನ್ನೂ ಹಣ್ಣಿನೊಳಗೇ ಮನೆ ಮಾಡಿಕೊಂಡಿದೆ. ಖರ್ಜೂರದ ಪರವಾಗಿ ಹೇಳಬಹುದಾದ ಒಳ್ಳೆಯ ಮಾತೆಲ್ಲ ಈ ಒಂದು ಭೇದದಿಂದಲೇ ಹುಟ್ಟುತ್ತದೆ.

ಇದು ನಮ್ಮ ನೆಲದಲ್ಲಿ ಹುಟ್ಟಿದ ಹಣ್ಣಲ್ಲ. ನಮ್ಮ ಹಳ್ಳಕೊಳ್ಳಗಳ ಅಂಚಿನಲ್ಲಿ ತಾನಾಗಿ ಬೆಳೆಯುವ ಈಚಲು ಅದರ ದಾಯಾದಿ. ಈಚಲ ಹಣ್ಣನ್ನು ದನ ಕಾಯುವ ಹುಡುಗರು ಚೀಪಿ ಉಗುಳುತ್ತಾರೆಯೇ ಹೊರತು ಅದರಲ್ಲಿ ತಿರುಳು ಹೇಳಿಕೊಳ್ಳುವಷ್ಟಿಲ್ಲ. ಆ ಮರದ ಕೀರ್ತಿಯೋ ಅಪಕೀರ್ತಿಯೋ, ಎಲ್ಲ ಹೆಂಡದಿಂದ ಬಂದದ್ದು. ಅದರ ಕೆಳಗೆ ಕುಳಿತು ಮಜ್ಜಿಗೆ ಕುಡಿದವನನ್ನೂ ಜನ ನಂಬುವುದಿಲ್ಲವೆಂದು ಗಾದೆಯೇ ಇದೆ. ಬಂಗಾಳದವರು ಚಳಿಗಾಲದಲ್ಲಿ ಅದೇ ಮರದ ರಸವನ್ನು ಇಳಿಸಿ, ಕಾಯಿಸಿ, ಘಮಘಮಿಸುವ ಬೆಲ್ಲ ಮಾಡಿಕೊಳ್ಳುತ್ತಾರೆ. ನಮಗೇಕೆ ಆ ಬುದ್ಧಿ ಅಷ್ಟಾಗಿ ಬರಲಿಲ್ಲವೋ ಕಾಣೆ.

ಖರ್ಜೂರಕ್ಕೆ ಬೇಕಾದದ್ದು ಮರುಭೂಮಿ. ಬೇರು ನೀರಿನಲ್ಲಿ, ತಲೆ ಬೆಂಕಿಯಲ್ಲಿ ಇರಬೇಕೆಂದು ಅರಬ್ಬರು ಹೇಳುತ್ತಾರೆ. ಹಿಂದೆ ಬಸ್ರಾದ ಕಡೆಯಿಂದ ಹಾಯಿಹಡಗುಗಳು ಖರ್ಜೂರವನ್ನು ಹೊತ್ತು ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದವು. ಹಿಂದಿರುಗುವಾಗ ಅಕ್ಕಿಯನ್ನೂ ಮರಮುಟ್ಟನ್ನೂ ಒಯ್ಯುತ್ತಿದ್ದವು. ಹಣ್ಣು ಮಾಗುವ ಒಂದೊಂದು ಹಂತಕ್ಕೂ ಅರಬ್ಬರು ಒಂದೊಂದು ಹೆಸರಿಟ್ಟಿದ್ದಾರೆ. ಹಸುರು ಕಾಯಿ ಕಿಮ್ರಿ. ಹಳದಿಗೋ ಕೆಂಪಿಗೋ ತಿರುಗಿ, ಕಚ್ಚಿದರೆ ಗರಿಗರಿ ಎನ್ನುವಾಗ ಖಲಾಲ್. ಮೆತ್ತಗಾಗಿ ರಸ ತುಂಬಿದಾಗ ರುತಬ್. ಬಾಡಿ, ಸುಕ್ಕುಗಟ್ಟಿ, ಇಟ್ಟರೆ ಕೆಡದಂತಾದಾಗ ತಮ್ರ್. ನಮ್ಮ ಅಂಗಡಿಗಳಿಗೆ ಬರುವುದು ಬಹುಮಟ್ಟಿಗೆ ಈ ಕೊನೆಯ ಹಂತದ ಹಣ್ಣು. ಗುಜರಾತಿನ ಕಚ್ಛದಲ್ಲಿಯೂ ಖರ್ಜೂರದ ತೋಟಗಳುಂಟು. ಆದರೆ ಅಲ್ಲಿ ಹಣ್ಣು ಪೂರಾ ಮಾಗುವ ಹೊತ್ತಿಗೆ ಮುಂಗಾರು ಬಂದುಬಿಡುತ್ತದೆ. ಮಳೆ ತಗುಲಿದರೆ ಗೊನೆ ಕೊಳೆಯುತ್ತದೆ. ಆದ್ದರಿಂದ ಅಲ್ಲಿಯ ರೈತರು ಗರಿಗರಿಯ ಹಂತದಲ್ಲಿಯೇ ಕೊಯ್ದು ಮಾರುತ್ತಾರೆ. ಆ ಕಚ್ಛೀ ಖಾರೆಕ್ಕಿಗೆ 2024ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಸಿಕ್ಕಿತು. ಇನ್ನು ನಮ್ಮ ಉತ್ತತ್ತಿ. ಸಿಂಧ್ ಪ್ರಾಂತದ ಖೈರ್‌ಪುರದ ಕಡೆ ಖಲಾಲ್ ಹಂತದ ಹಣ್ಣನ್ನು ನೀರಿನಲ್ಲಿ ಬೇಯಿಸಿ ಬಿಸಿಲಿಗೆ ಹರಡಿ ಇಂಥ ಗಟ್ಟಿ ಖರ್ಜೂರ ಮಾಡುತ್ತಾರೆ. ಗಟ್ಟಿಯಾಗಿದೆ, ಬಾಯಿಗೆ ಹಾಕಿದೊಡನೆ ಅಷ್ಟು ಸಿಹಿ ಎನ್ನಿಸುವುದಿಲ್ಲ ಎಂದ ಮಾತ್ರಕ್ಕೆ ಅದರಲ್ಲಿ ಸಕ್ಕರೆ ಕಡಮೆಯೆಂದು ತಿಳಿಯಬಾರದು. ಹೋಗಿರುವುದು ನೀರು.

ಈ ಹಂತಗಳನ್ನು ವಿವರಿಸಿದ್ದು ಇದಕ್ಕಾಗಿಯೇ. ಹಣ್ಣು ಮಾಗಿ ಒಣಗಿದಂತೆ ಒಗರು ಹೋಗುತ್ತದೆ, ನೀರು ಆರುತ್ತದೆ, ಸಿಹಿ ದಟ್ಟವಾಗುತ್ತದೆ. ಮೆತ್ತಗಿನ ತಳಿಗಳಲ್ಲಿ, ಕಬ್ಬಿನಲ್ಲಿರುವಂಥ ಸಕ್ಕರೆಯೇ ಹಣ್ಣಿನೊಳಗಿನ ಒಂದು ಕಿಣ್ವದಿಂದ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂಬ ಎರಡು ಸರಳ ಸಕ್ಕರೆಗಳಾಗುತ್ತದೆ. ಕೊನೆಗೆ ನಮ್ಮ ಕೈಗೆ ಬಂದ ಖರ್ಜೂರದ ತಿರುಳನ್ನು ನೂರು ಗ್ರಾಂ ತೂಗಿದರೆ, ಅದರಲ್ಲಿ 60ರಿಂದ 70 ಗ್ರಾಂ ಸಕ್ಕರೆಯೇ ಇರುತ್ತದೆ. ನಾರು ಏಳೆಂಟು ಗ್ರಾಂ. ಉಳಿದದ್ದು ನೀರು, ಅಲ್ಪಸ್ವಲ್ಪ ಸಸಾರಜನಕ, ಲವಣಗಳು. ಎಂದರೆ ತೂಕದ ಮೂರರಲ್ಲಿ ಎರಡು ಪಾಲು ಸಕ್ಕರೆ. ಹಣ್ಣು ಎಂಬ ಹೆಸರಿನಲ್ಲಿ ನಾವು ಇದನ್ನು ಸೀಬೆಯ ಪಕ್ಕಕ್ಕೆ, ಕಿತ್ತಳೆಯ ಪಕ್ಕಕ್ಕೆ ಕೂರಿಸುತ್ತೇವೆ. ಅದರ ಜಾಗ ಅಲ್ಲಲ್ಲ, ಬೆಲ್ಲದ ನೆರೆಯಲ್ಲಿ.

ಅಡಿಗೆಮನೆಯ ಲೆಕ್ಕಕ್ಕೆ ಇಳಿಸಿ ಹೇಳುತ್ತೇನೆ. ಸಾಮಾನ್ಯವಾದ ಒಂದು ಸಣ್ಣ ಖರ್ಜೂರದಲ್ಲಿ ಬೀಜ ಬಿಟ್ಟರೆ ಏಳೆಂಟು ಗ್ರಾಂ ತಿರುಳಿರುತ್ತದೆ. ಅದರಲ್ಲಿ ಸಕ್ಕರೆ ಸುಮಾರು ಐದು ಗ್ರಾಂ. ಒಂದು ಚಹದ ಚಮಚ ಸಕ್ಕರೆ ನಾಲ್ಕು ಗ್ರಾಂ ತೂಗುತ್ತದೆ. ಹಾಗಾದರೆ ಒಂದು ಸಣ್ಣ ಖರ್ಜೂರವೆಂದರೆ ಒಂದು ಚಮಚ ಸಕ್ಕರೆ, ಮೇಲೆ ಒಂದು ಚಿಟಿಕೆ ಎಂದಿಟ್ಟುಕೊಳ್ಳಬಹುದು. ಈಗ ಪೆಟ್ಟಿಗೆಗಳಲ್ಲಿ ಬರುವ ಮೆಡ್ಜೂಲ್ ಎಂಬ ದೊಡ್ಡ ಜಾತಿಯ ಹಣ್ಣು ಒಂದೇ 24 ಗ್ರಾಂ ತೂಗಬಹುದು. ಅದರಲ್ಲಿ 16 ಗ್ರಾಂ, ಎಂದರೆ ನಾಲ್ಕು ಚಮಚ ಸಕ್ಕರೆ. ಕಾಫಿಗೆ ಹಾಕುತ್ತಿದ್ದ ಒಂದು ಚಮಚವನ್ನು ದೊಡ್ಡ ಮನಸ್ಸಿನಿಂದ ತ್ಯಾಗ ಮಾಡಿದವರು, ಅದೇ ಕಾಫಿಯ ಜೊತೆಗೆ ಎರಡು ಮೆಡ್ಜೂಲ್ ತಿಂದರೆ ಲಾಭನಷ್ಟ ಏನೆಂಬುದನ್ನು ಏಳನೆಯ ತರಗತಿಯ ಹುಡುಗನೂ ಹೇಳಬಲ್ಲ.

ಇಷ್ಟು ಹೇಳಿದ ಮೇಲೆ ಖರ್ಜೂರಕ್ಕೆ ನ್ಯಾಯವನ್ನೂ ಸಲ್ಲಿಸಬೇಕು. ಸಿಹಿ ಹಣ್ಣಿನೊಳಗೆ ಉಳಿದಿರುವುದರಿಂದ ಆಗುವ ಪ್ರಯೋಜನ ಸಣ್ಣದಲ್ಲ. ಅಗಿಯಬೇಕು, ನಾರೂ ಜೊತೆಗಿರುತ್ತದೆ. ಸಕ್ಕರೆ ರಕ್ತಕ್ಕೆ ಸೇರುವುದು ತುಸು ತಡೆದು. ಸಂಯುಕ್ತ ಅರಬ್ ಎಮಿರೇಟ್ಸಿನಲ್ಲಿ ಐದು ತಳಿಯ ಖರ್ಜೂರಗಳನ್ನು ಆರೋಗ್ಯವಂತರಿಗೂ ಮಧುಮೇಹಿಗಳಿಗೂ ಕೊಟ್ಟು ಪರೀಕ್ಷಿಸಿ 2011ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶುದ್ಧ ಗ್ಲೂಕೋಸು ರಕ್ತದ ಸಕ್ಕರೆಯನ್ನು ಏರಿಸುವುದನ್ನು ನೂರು ಎಂದಿಟ್ಟುಕೊಂಡರೆ, ಖರ್ಜೂರಗಳ ಅಂಕ ಆರೋಗ್ಯವಂತರಲ್ಲಿ ಸುಮಾರು 46ರಿಂದ 55ರವರೆಗೆ ಬಂತು. ಮಧುಮೇಹಿಗಳಲ್ಲಿಯೂ ಹೆಚ್ಚುಕಡಮೆ ಹಾಗೆಯೇ. ಖರ್ಜೂರವನ್ನು ಹೊಗಳುವವರೆಲ್ಲ ಇಂಥ ಅಂಕಗಳನ್ನು ಮುಂದಿಡುತ್ತಾರೆ. ಅಂಕ ಸರಿಯಾದದ್ದೇ. ಆದರೆ ಅದು ಸಮಸಮ ಪ್ರಮಾಣವನ್ನು ಹೋಲಿಸಿ ಪಡೆದ ಅಂಕ. ಅರ್ಧದಷ್ಟೇ ಏರುತ್ತದೆಯಲ್ಲ ಎಂದು ಎರಡರಷ್ಟು ತಿಂದರೆ ಲೆಕ್ಕ ಮತ್ತೆ ಮೊದಲಿಗೇ ಬಂದು ನಿಲ್ಲುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯವರು 2015ರಲ್ಲಿ ಒಂದು ಸೂಚನೆ ಹೊರಡಿಸಿದರು. ಬೇರೆಯಾಗಿ ಬೆರೆಸಿದ ಸಕ್ಕರೆ, ಜೇನು, ಪಾಕ, ಹಣ್ಣಿನ ರಸ, ಇವುಗಳ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಆಹಾರಶಕ್ತಿಯ ನೂರಕ್ಕೆ ಹತ್ತಕ್ಕಿಂತ ಕಡಮೆಯಿರಬೇಕು. ಐದಕ್ಕಿಂತ ಕಡಮೆಯಾದರೆ, ಎಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ ಮೀರದಿದ್ದರೆ, ಇನ್ನೂ ಒಳ್ಳೆಯದು ಎಂದು ಅದರ ಸಾರಾಂಶ. ಇಡೀ ಹಣ್ಣಿನೊಳಗಿರುವ ಸಕ್ಕರೆಯನ್ನು ಅವರು ಈ ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿಯದಿದ್ದುದು ಹಣ್ಣಿನ ಮೇಲಿನ ಗೌರವದಿಂದ. ಕಿಲೋಗಟ್ಟಲೆ ತಿನ್ನಿರೆಂದು ಕೊಟ್ಟ ಅಪ್ಪಣೆಯಲ್ಲ. ಅದೇ ಖರ್ಜೂರವನ್ನು ಹಿಂಡಿ, ಸೋಸಿ, ಪಾಕ ಮಾಡಿ ಸೀಸೆಯಲ್ಲಿ ತುಂಬಿದರೆ ಅದು ಲೆಕ್ಕಕ್ಕೆ ಬಂದೇ ಬರುತ್ತದೆ. ಅಂಗಡಿಯಲ್ಲಿ ‘ಸಕ್ಕರೆ ಬೆರೆಸಿಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದ ಖರ್ಜೂರದ ಪಾಕವನ್ನು ಕೊಳ್ಳುವವರು ಇದನ್ನು ನೆನಪಿಡಬೇಕು. ಬೆರೆಸಬೇಕಾದ ಅಗತ್ಯವೇ ಅದಕ್ಕಿಲ್ಲ.

ನಮ್ಮ ಹಳೆಯ ವೈದ್ಯಗ್ರಂಥಗಳು ಖರ್ಜೂರವನ್ನು ಬಹಳ ಮೆಚ್ಚಿವೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಆಯಾಸವನ್ನು ಕಳೆಯುವ ಹತ್ತು ದ್ರವ್ಯಗಳನ್ನು ಹೇಳಿದೆ: ದ್ರಾಕ್ಷಿ, ಖರ್ಜೂರ, ದಾಳಿಂಬೆ, ಕಬ್ಬು ಮೊದಲಾದವು. ದಣಿದವನಿಗೆ ಕೂಡಲೇ ಚೈತನ್ಯ ಬರಲು ಸಿಹಿ ಬೇಕೆಂಬುದನ್ನು ಅವರು ಕಂಡುಕೊಂಡಿದ್ದರು. ಈ ಭಾಗವನ್ನು ಎಲ್ಲರೂ ಹೇಳುತ್ತಾರೆ. ಅದೇ ಗ್ರಂಥ ಖರ್ಜೂರವನ್ನು ‘ಗುರು’ ಎಂದೂ ಕರೆದಿದೆ ಎಂಬುದನ್ನು ಮಾತ್ರ ಬಿಟ್ಟುಬಿಡುತ್ತಾರೆ. ಗುರು ಎಂದರೆ ಜೀರ್ಣಕ್ಕೆ ಭಾರವಾದದ್ದು. ಸೂತ್ರಸ್ಥಾನದಲ್ಲಿಯೇ ಐದನೆಯ ಅಧ್ಯಾಯಕ್ಕೆ ‘ಮಾತ್ರಾಶಿತೀಯ’ ಎಂದು ಹೆಸರು. ಅಳತೆಯರಿತು ಉಣ್ಣುವುದನ್ನು ಕುರಿತ ಅಧ್ಯಾಯ. ಗುರುವಾದ ಪದಾರ್ಥವನ್ನು ಹೊಟ್ಟೆ ತುಂಬ ತಿನ್ನದೆ ಅರ್ಧ ತೃಪ್ತಿಗೋ ಮುಕ್ಕಾಲು ತೃಪ್ತಿಗೋ ನಿಲ್ಲಿಸಬೇಕೆಂಬ ಅಭಿಪ್ರಾಯ ಅಲ್ಲಿದೆ. ಮಾತ್ರಾ ಎಂದರೆ ಅಳತೆ. ಛಂದಸ್ಸಿನಲ್ಲಿ ನಾವು ಎಣಿಸುವ ಮಾತ್ರೆಯೂ ಅದೇ, ವೈದ್ಯರು ಕೊಡುವ ಮಾತ್ರೆಯೂ ಅದೇ. ಷಟ್ಪದಿಯ ಪಾದದಲ್ಲಿ ಒಂದು ಮಾತ್ರೆ ಹೆಚ್ಚಾದರೆ ಕಿವಿಗೆ ತಿಳಿಯುತ್ತದೆ. ಹೊಟ್ಟೆಗೆ ಆ ಸೂಕ್ಷ್ಮವಿಲ್ಲ, ತಡವಾಗಿ ತಿಳಿಯುತ್ತದೆ.

ನಮ್ಮ ಆಚಾರಗಳನ್ನು ನೋಡಿ. ಖರ್ಜೂರ ಬರುವ ಕಡೆಯಲ್ಲೆಲ್ಲ ಎಣಿಕೆ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಕೊಂಬು, ಅಡಿಕೆಗಳ ಜೊತೆಗೆ ಉತ್ತತ್ತಿ ಇಡುತ್ತಾರೆ. ಐದು ಇಟ್ಟರೆ ಐದೇ. ರಮಜಾನಿನ ದಿನಗಳಲ್ಲಿ ಮುಸಲ್ಮಾನ ಬಂಧುಗಳು ಸಂಜೆ ಉಪವಾಸ ಬಿಡುವುದು ಒಂದೋ ಮೂರೋ ಖರ್ಜೂರದಿಂದ, ಒಂದು ಗುಟುಕು ನೀರಿನಿಂದ. ದಿನವೆಲ್ಲ ಬರಿದಾಗಿದ್ದ ದೇಹಕ್ಕೆ ಅಷ್ಟು ಸಿಹಿ ಬೇಗನೆ ಬಲ ಕೊಡುತ್ತದೆ, ಮುಂದಿನ ಊಟದ ಆತುರವನ್ನೂ ತಗ್ಗಿಸುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ತೇರಿಗೆ ಉತ್ತತ್ತಿ ಎಸೆಯುತ್ತಾರೆ. ಅಲ್ಲಿ ಎಣಿಕೆಯಿಲ್ಲವೆಂದು ನೀವು ಹೇಳಬಹುದು. ಎಸೆದದ್ದನ್ನು ಯಾರೂ ಒಬ್ಬರೇ ತಿನ್ನುವುದಿಲ್ಲವಲ್ಲ!

ಬಾಣಂತಿಯ ಅಂಟಿನುಂಡೆಯ ಮಾತು ಬೇರೆ. ಒಣಕೊಬ್ಬರಿ, ಬೆಲ್ಲ, ಅಂಟು, ಗಸಗಸೆ, ಉತ್ತತ್ತಿ ಕೂಡಿಸಿ ಕಟ್ಟಿದ ಆ ಉಂಡೆ ಹೆತ್ತು ದಣಿದ ದೇಹಕ್ಕೆಂದು ಮಾಡಿದ್ದು. ನಾನು ಕಂಡ ಮಟ್ಟಿಗೆ ಬಾಣಂತಿ ದಿನಕ್ಕೊಂದು ತಿಂದರೆ, ಡಬ್ಬ ಬರಿದಾಗುವುದು ಮನೆಯ ಗಂಡಸರ ಸಂಜೆಯ ಚಹದ ಹೊತ್ತಿಗೆ. ಅವರು ಹೆತ್ತೂ ಇಲ್ಲ, ದಣಿದೂ ಇಲ್ಲ.

ಅಳತೆಯ ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಎರಡು ಕಾರಣಗಳಿವೆ. ಒಂದು, ಮನೆಯ ಹಿರಿಯರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ನಾವು ಹುಡುಗರಾಗಿದ್ದಾಗ ಸಕ್ಕರೆ ಕಾರ್ಡಿನ ಮೇಲೆ ಅಳೆದು ಬರುತ್ತಿತ್ತು. ಸರ್ಕಾರವೇ ಮಿತಿ ಹಾಕಿತ್ತು ಎನ್ನಬಹುದು. ಈಗ ಮಿತಿ ನಾವೇ ಹಾಕಿಕೊಳ್ಳಬೇಕು. ಮಧುಮೇಹವೆಂದು ತಿಳಿದ ದಿನ ಮನೆಯ ಯಜಮಾನರು ಸಕ್ಕರೆಯನ್ನು ಬಿಡುತ್ತಾರೆ, ನಾಲಗೆಯ ಚಾಪಲ್ಯ ಬಿಡುವುದಿಲ್ಲ. ಮಗಳೋ ಸೊಸೆಯೋ ಪ್ರೀತಿಯಿಂದ, “ಅಪ್ಪಾ, ಇದು ಹಣ್ಣು, ತಿನ್ನಿ” ಎಂದು ಡಬ್ಬವನ್ನು ಪಕ್ಕದಲ್ಲಿಡುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಹತ್ತು ಹೋದರೆ ಐವತ್ತು ಗ್ರಾಂ ಸಕ್ಕರೆ, ಹನ್ನೆರಡು ಚಮಚ. ಮುಂದಿನ ತಿಂಗಳು ರಕ್ತಪರೀಕ್ಷೆ ಮಾಡಿಸಿದಾಗ, ಸಕ್ಕರೆ ಮುಟ್ಟಿಯೇ ಇಲ್ಲ, ಹೀಗೇಕಾಯಿತು ಎಂದು ಮನೆಯವರೆಲ್ಲ ಬೆರಗಾಗುತ್ತಾರೆ. ಮಧುಮೇಹಿಗಳು ಖರ್ಜೂರವನ್ನು ಮುಟ್ಟಲೇಬಾರದೆಂದಲ್ಲ. ಒಂದೋ ಎರಡೋ ಸಣ್ಣ ಹಣ್ಣು, ಅದೂ ಊಟದಲ್ಲಿ ಬೇರೇನನ್ನಾದರೂ ಅಷ್ಟು ಕಡಮೆ ಮಾಡಿ, ತಮ್ಮ ವೈದ್ಯರನ್ನು ಕೇಳಿಕೊಂಡು ತಿನ್ನಬಹುದು. ಬಸುರಿನಲ್ಲಿ ಸಕ್ಕರೆಯ ಅಂಶ ಏರಿದವರಿಗೂ ಇದೇ ಮಾತು. ಮೂತ್ರಪಿಂಡದ ಕಾಯಿಲೆಯಿದ್ದವರಿಗಂತೂ ಇನ್ನೊಂದು ಅಪಾಯವಿದೆ. ನೂರು ಗ್ರಾಂ ಖರ್ಜೂರದಲ್ಲಿ 650ರಿಂದ 700 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಗಟ್ಟಿಮುಟ್ಟಾದವರಿಗೆ ಇದು ಹಿತ, ಅವರಿಗೆ ಅಹಿತವಾಗಬಹುದು.

ಎರಡನೆಯದು, ನಮ್ಮ ಹೆಣ್ಣುಮಕ್ಕಳು. ಖರ್ಜೂರ ತಿಂದರೆ ರಕ್ತ ಬರುತ್ತದೆ ಎಂಬ ನಂಬಿಕೆ ಊರೂರಿನಲ್ಲೂ ಇದೆ. ಶಾಲೆಗಳಲ್ಲಿ ವಾರಕ್ಕೊಂದು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುವ ಕ್ರಮ ಉಂಟಷ್ಟೆ. “ಮೇಷ್ಟ್ರೇ, ನಮ್ಮ ಹುಡುಗಿಗೆ ಮಾತ್ರೆ ಬೇಡಿ, ಅವಳಿಗೆ ದಿನಾ ಖರ್ಜೂರ ತಿನ್ನಿಸುತ್ತಿದ್ದೇವೆ” ಎಂದು ಹೇಳಿಹೋದ ತಂದೆತಾಯಿಗಳನ್ನು ನಾನು ಒಂದಲ್ಲ ಎರಡಲ್ಲ, ಹಲವು ಸಲ ಕಂಡಿದ್ದೇನೆ. ಲೆಕ್ಕ ಹಾಕೋಣ. ಬೆಳೆದ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಮಾಡಿತು. ನೂರು ಗ್ರಾಂ ಖರ್ಜೂರದಲ್ಲಿರುವುದು, ತಳಿಯನ್ನೂ ಒಣಗಿಸಿದ ರೀತಿಯನ್ನೂ ಅನುಸರಿಸಿ, ಒಂದರಿಂದ ಕೆಲವೇ ಮಿಲಿಗ್ರಾಂ. ನಾಲ್ಕು ಖರ್ಜೂರ ತಿಂದ ಹುಡುಗಿಗೆ ಸಿಕ್ಕ ಕಬ್ಬಿಣ ಎಷ್ಟು ಅಲ್ಪವೆಂಬುದನ್ನು ನೀವೇ ಊಹಿಸಿ. ಆ ನೀಲಿ ಮಾತ್ರೆ ಒಂದರಲ್ಲಿ 60 ಮಿಲಿಗ್ರಾಂ ಇದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಪ್ರಾರ್ಥನೆಯ ಹೊತ್ತಿನಲ್ಲಿ ತಲೆಸುತ್ತಿ ಕುಳಿತುಬಿಡುವ ಹುಡುಗಿಯರನ್ನು ಕಂಡವರಿಗೆ ಆ ಅಂಕಿಯ ಅರ್ಥ ಬೇರೆ ಹೇಳಬೇಕಾಗಿಲ್ಲ. ಅವರಿಗೆ ಬೇಕಾದದ್ದು ಸೊಪ್ಪು, ಬೇಳೆ, ಮೊಳಕೆ ಕಾಳು, ಅದರ ಮೇಲೆ ಹಿಂಡಿದ ನಿಂಬೆಹಣ್ಣು. ಊಟದ ಬೆನ್ನಿಗೇ ಚಹ ಕಾಫಿ ಕುಡಿಯದಿರುವುದು. ಮತ್ತು ತಪ್ಪದೆ ಆ ಮಾತ್ರೆ. ಇವೆಲ್ಲದರ ಜೊತೆಗೆ ಎರಡು ಖರ್ಜೂರ ಕೊಡಿ, ಮಕ್ಕಳು ಸಂತೋಷಪಡುತ್ತಾರೆ. ಇವುಗಳಿಗೆ ಬದಲಾಗಿ ಕೊಡಬೇಡಿ.

ಬದಲಿ ಎಂಬ ಮಾತು ಬಂದದ್ದರಿಂದ ಹೇಳುತ್ತೇನೆ. ಖರ್ಜೂರಕ್ಕೆ ಸಲ್ಲುವ ಸ್ಥಾನ ಒಂದಿದೆ, ಅದು ಸಕ್ಕರೆಯ ಬದಲಿಯ ಸ್ಥಾನ. ಸಂಜೆ ಶಾಲೆಯಿಂದ ಬಂದ ಮಗುವಿಗೆ ಬಿಸ್ಕತ್ತು ಮಿಠಾಯಿಗಳ ಬದಲು ಎರಡು ಖರ್ಜೂರ, ಒಂದು ಹಿಡಿ ಹುರಿಗಡಲೆ. ರಾಗಿಗಂಜಿಗೆ ಬೆಲ್ಲದ ಬದಲು ಸಣ್ಣಗೆ ಹೆಚ್ಚಿದ ಒಂದು ಖರ್ಜೂರ. ಬೆಲ್ಲವೂ ಇರಲಿ, ಖರ್ಜೂರವೂ ಇರಲಿ ಎಂದರೆ ಅದು ಬದಲಿಯಾಗಲಿಲ್ಲ, ಕೂಡಿಕೆಯಾಯಿತು. ದೊಡ್ಡವರಿಗೆ ದಿನಕ್ಕೆ ಎರಡು ಮೂರು ಸಣ್ಣ ಹಣ್ಣು ಸಾಕು, ಮೆಡ್ಜೂಲಾದರೆ ಒಂದು. ತಿಂದ ಮೇಲೆ ಬಾಯಿ ಮುಕ್ಕಳಿಸುವುದನ್ನು ಮರೆಯಬಾರದು, ಏಕೆಂದರೆ ಇದು ಹಲ್ಲಿಗೆ ಅಂಟುವ ಸಿಹಿ. ಎಳೆಯ ಮಕ್ಕಳಿಗೆ ಬೀಜ ತೆಗೆದು, ಚೆನ್ನಾಗಿ ಕಿವುಚಿ ಕೊಡಬೇಕು. ಇಡಿಯಾಗಿ ಕೊಟ್ಟರೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವುಂಟು.

ಕೊಳ್ಳುವಾಗಲೂ ಎಚ್ಚರ ಬೇಕು. ಹೊಳೆಹೊಳೆಯುವ ಹಣ್ಣಿಗೆ ಮರುಳಾಗದೆ ಪೊಟ್ಟಣದ ಹಿಂದಿನ ಬರಹ ಓದಿ. ಹೊಳಪಿಗಾಗಿ ಗ್ಲೂಕೋಸಿನ ಪಾಕ ಸವರಿದ ಖರ್ಜೂರವೂ ಮಾರಾಟಕ್ಕೆ ಬರುತ್ತದೆ. ಮನೆಯಲ್ಲಿಟ್ಟ ಹಣ್ಣಿನ ಮೇಲೆ ಬಿಳಿಯ ಹರಳು ಕಂಡರೆ ಬೂಷ್ಟೆಂದು ಎಸೆಯಬೇಡಿ. ಬೆರಳಿಗೆ ಗಟ್ಟಿಯಾಗಿ ತಗುಲಿದರೆ, ಬಿಸಿಗೆ ಕರಗಿದರೆ ಅದು ಹಣ್ಣಿನ ಸಕ್ಕರೆಯೇ ಹೊರಗೆ ಬಂದು ಹರಳಾದದ್ದು, ಮೊದಲು ಹೇಳಿದ ಆ ಶರ್ಕರೆ. ನೂಲಿನಂತೆ ನವಿರಾಗಿದ್ದು ಕಮಟು ವಾಸನೆ ಬಂದರೆ ಅದು ಬೂಷ್ಟು. ಹಣ್ಣನ್ನು ತೊಳೆದು, ಸೀಳಿ, ಒಳಗೆ ಹುಳು ಹೊಕ್ಕಿಲ್ಲವೆಂದು ನೋಡಿಯೇ ಬಾಯಿಗೆ ಹಾಕಬೇಕು. ಕತ್ತಲಲ್ಲಿ ಕೈಹಾಕಿ ತಿನ್ನುವ ಪದಾರ್ಥವಲ್ಲ ಇದು.

ಹಬ್ಬದ ದಿನ ನಾಲ್ಕು ಜನಕ್ಕೆ ಪಾಯಸ ಮಾಡುವುದಾದರೆ ಹೀಗೆ ಮಾಡಿ ನೋಡಿ. ಹನ್ನೆರಡು ಸಣ್ಣ ಖರ್ಜೂರಗಳನ್ನು ಸೀಳಿ ಬೀಜ ತೆಗೆದು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಅರೆಯದೆ ಸಣ್ಣಗೆ ಹೆಚ್ಚಿಕೊಳ್ಳಿ. ಶ್ಯಾವಿಗೆಯನ್ನು ಹಾಲಿನಲ್ಲಿ ಬೇಯಿಸಿ ಇಳಿಸಿ, ಸ್ವಲ್ಪ ಆರಿದ ಮೇಲೆ ಹೆಚ್ಚಿದ್ದನ್ನೂ ನೆನೆಸಿದ ನೀರನ್ನೂ ಬೆರೆಸಿ, ಏಲಕ್ಕಿ ಪುಡಿ ಉದುರಿಸಿ. ತಲೆಗೆ ಮೂರು ಖರ್ಜೂರವಾಯಿತು. ಸಕ್ಕರೆಯ ಡಬ್ಬವನ್ನು ಆ ಹೊತ್ತು ಮೇಲಿನ ಗೂಡಿನಲ್ಲಿಯೇ ಇರಗೊಡಿ.